ಅಮ್ಮ ಮತ್ತು ಮಕ್ಕಳ ಜೊತೆ ಗೋಟಗೋಡಿ ರಾಕ್ ಗಾರ್ಡನ್‌ಗೆ ಹೋಗಬೇಕು, ನೋಡಿ ಬಂದವರು ಹೇಳಿ

ಬೆಣ್ಣೆನಗರಿ ಅಪ್ಪ:

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ದಸರಾ ರಜೆಯಲ್ಲಿ ಮನೆಯವರೆಲ್ಲ ಒಂದು ದಿನ ಹೊರಗೆ ಹೋಗೋಣ ಅಂತಿದ್ದೇವೆ. ನಾವಿಬ್ಬರು, ಐದನೇ ಕ್ಲಾಸಿನ ಮಗಳು, ಒಂದನೇ ಕ್ಲಾಸಿನ ಮಗ, ಜೊತೆಗೆ ನಮ್ಮ ಅಮ್ಮ. ಅಮ್ಮನ ತವರು ಹರಪನಹಳ್ಳಿ ಕಡೆಯ ಹಳ್ಳಿ. ಬಿತ್ತನೆ, ಕಳೆ, ಒಕ್ಕಣೆ ಎಲ್ಲ ಮಾಡಿಕೊಂಡೇ ಬೆಳೆದವರು. ನನ್ನ ಮಕ್ಕಳಿಗೆ ಜೋಳ ಗೊತ್ತು, ರೊಟ್ಟಿ ಗೊತ್ತು, ನಡುವೆ ಏನೇನು ಆಗುತ್ತದೆ ಅನ್ನೋದು ಗೊತ್ತಿಲ್ಲ. ಊರಿಗೇ ಕರೆದುಕೊಂಡು ಹೋಗಿ ತೋರಿಸೋಣ ಅಂದ್ರೆ ಅಲ್ಲೀಗ ಹಳೇ ಮನೆ ಬಿದ್ದಿದೆ, ಹೊಲ ಲಾವಣಿಗೆ ಹೋಗಿದೆ, ಎತ್ತು ಯಾರ ಮನೆಯಲ್ಲೂ ಇಲ್ಲ.

ಶಿಗ್ಗಾವಿ ಹತ್ತಿರ ಗೋಟಗೋಡಿಯಲ್ಲಿರುವ, ಹಳ್ಳಿ ಬದುಕಿನ ಶಿಲ್ಪಗಳ ಉತ್ಸವ ರಾಕ್ ಗಾರ್ಡನ್ ಬಗ್ಗೆ ತುಂಬಾ ಜನ ಹೇಳುತ್ತಾರೆ. ರಾಮನಗರದ ಜಾನಪದ ಲೋಕವೂ ತಲೆಯಲ್ಲಿದೆ. ಯಾವುದು ಒಳ್ಳೆಯದು? ಅಮ್ಮನಿಗೆ ಮೊಣಕಾಲು ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಇನ್ನೊಂದು, ಅಲ್ಲಿರೋದು ಬರೀ ಸಿಮೆಂಟ್ ಗೊಂಬೆ, ಫೋಟೋ ತೆಗೆಸಿಕೊಂಡು ಬರೋದಷ್ಟೇ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಹೌದಾ? ಮಕ್ಕಳಿಗೆ ಏನಾದರೂ ತಲೆಗೆ ಹೋಗಬೇಕು ಅಂತ ನನ್ನಾಸೆ.

ರಾಣೇಬೆನ್ನೂರಿನವ:

ಮೊದಲು ದಾರಿ ಹೇಳುತ್ತೇನೆ. ನಿಮಗೆ ಹೈವೇ 48 ಒಂದೇ ಸಾಕು. ಹರಿಹರ, ನಮ್ಮ ರಾಣೇಬೆನ್ನೂರು, ಹಾವೇರಿ, ಬಂಕಾಪುರ ಕ್ರಾಸ್, ಶಿಗ್ಗಾವಿ, ಆಮೇಲೆ ಗೋಟಗೋಡಿ. ನೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಬೆಳಿಗ್ಗೆ ತಿಂಡಿ ತಿಂದು ಹೊರಟರೂ ಬಿಸಿಲೇರುವ ಮೊದಲೇ ಅಲ್ಲಿರುತ್ತೀರಿ. ಜಾನಪದ ಲೋಕ ಬೆಂಗಳೂರು ದಾಟಿ ಮೈಸೂರು ರಸ್ತೆಯಲ್ಲಿದೆ. ನಿಮ್ಮೂರಿಂದ ಸುಮಾರು ಮುನ್ನೂರು ಕಿಲೋಮೀಟರ್. ಅಮ್ಮನ ಮೊಣಕಾಲು ಇಟ್ಟುಕೊಂಡು ಒಂದೇ ದಿನದಲ್ಲಿ ಅದು ಬೇಡ.

ಗೊಂಬೆ ಅಂತ ಹೇಳಿದವರು ಬಹುಶಃ ಗೇಟಿನಿಂದ ಗೇಟಿಗೆ ನಡೆದು ಬಂದಿದ್ದಾರೆ. ಅದು ಕಲಾವಿದ ಟಿ.ಬಿ. ಸೊಲಬಕ್ಕನವರ್ ಅವರ ಕನಸು. ಶಿಲ್ಪಗಳೆಲ್ಲ ಆಳೆತ್ತರ. ಕಮ್ಮಾರ ಕುಲುಮೆ ಮುಂದೆ, ಕುಂಬಾರ ತಿಗರಿ ಮುಂದೆ, ದನ ಕರು, ಮನೆ, ಅಂಗಳ, ಕಟ್ಟೆ, ಹೀಗೆ ಒಂದು ಇಡೀ ಊರೇ ಇದೆ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿದ್ದು, ಮುದುಕಿಯ ಕತ್ತಿನ ನೆರಿಗೆ, ಎಲೆ ಅಡಿಕೆ ಹಾಕಿದವರ ಉಬ್ಬಿದ ಕೆನ್ನೆ, ಅಂಥದ್ದನ್ನೆಲ್ಲ ಹತ್ತಿರ ಹೋಗಿ ನೋಡಬೇಕು. ಉತ್ತರ ಕರ್ನಾಟಕದ ಹಳ್ಳಿಯನ್ನು ಅಷ್ಟು ಪ್ರೀತಿಯಿಂದ ಮಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ರಾಜ್‌ಕುಮಾರ್ ಮಾಡಿದ ಪಾತ್ರಗಳ ಶಿಲ್ಪಗಳೂ ಇವೆ. ಅಮ್ಮ ಅಲ್ಲೇ ಅರ್ಧ ಗಂಟೆ ನಿಂತರೆ ಅವಸರ ಮಾಡಬೇಡಿ.

ನಡಿಗೆ ಇದೆ, ಇಲ್ಲ ಅನ್ನಲ್ಲ. ಆದರೆ ಬೆಟ್ಟ ಹತ್ತುವ ಹಾಗಿಲ್ಲ. ಕೂತು ಕೂತು ನೋಡಿದರೆ ಆಗುತ್ತದೆ. ಭಾನುವಾರ ಬಿಟ್ಟು ಹೋಗಿ, ಜನ ಕಡಿಮೆ.

ದುರ್ಗದ ಟೀಚರ್:

ನಾನು ಚಿತ್ರದುರ್ಗದಲ್ಲಿ ಹೈಸ್ಕೂಲ್ ಟೀಚರ್. ಶಾಲೆ ಪ್ರವಾಸಕ್ಕೂ ಅಲ್ಲಿಗೆ ಹೋಗಿದ್ದೇನೆ, ಮನೆಯವರ ಜೊತೆಗೂ ಹೋಗಿದ್ದೇನೆ. ಎರಡೂ ಬೇರೆ ಬೇರೆ ಜಾಗ ಅನ್ನುವಷ್ಟು ವ್ಯತ್ಯಾಸ. ಶಾಲೆ ಪ್ರವಾಸದಲ್ಲಿ ಬಸ್ಸಿನವರ ಅವಸರ, ಸಾಲಿನಲ್ಲಿ ನಡೆಸಿಕೊಂಡು ಹೋಗುವುದು, ಮಕ್ಕಳು ಶಿಲ್ಪದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಮುಂದಕ್ಕೆ ಹೋಗುವುದು, ಅಷ್ಟರಲ್ಲಿ ಮುಗಿಯಿತು.

ಮನೆಯವರ ಜೊತೆ ಹೋದಾಗ ನಮ್ಮ ಮಾವ ಬಂದಿದ್ದರು. ಬಿತ್ತನೆ ವಿಷಯ ಬಂತು. ಎತ್ತು ಕಟ್ಟಿ ಬಿತ್ತುವ ಕೂರಿಗೆಯ ಬಟ್ಟಲಿನಿಂದ ಬಿದಿರಿನ ಕೊಳವೆ ಯಾಕೆ ಕೆಳಗೆ ಇಳಿಯುತ್ತದೆ ಅಂತ ನನ್ನ ಮಗಳು ಕೇಳಿದಳು. ಮಾವ ಚೀಲದಿಂದ ಒಂದು ಹಿಡಿ ಶೇಂಗಾ ತೆಗೆದರು. ಮುಷ್ಟಿ ಹೀಗೆ ಹಿಡಿಯಬೇಕು, ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಬೇಕು, ಬಟ್ಟಲಿನ ಎಲ್ಲ ತೂತಿಗೂ ಸಮ ಬೀಳಬೇಕು ಅಂತ ಅವಳ ಅಂಗೈ ಮೇಲೆ ಒಂದೊಂದೇ ಕಾಳು ಬಿಟ್ಟು ತೋರಿಸಿದರು. ಎತ್ತು ನಡೆಯುತ್ತಲೇ ಇರುತ್ತದೆ, ನಿಮಗೋಸ್ಕರ ನಿಲ್ಲುವುದಿಲ್ಲ. ಒಂದು ತೂತಿಗೆ ಕಾಳು ತಪ್ಪಿದರೆ ಅಷ್ಟುದ್ದ ಸಾಲು ಖಾಲಿ. ಅವತ್ತು ಯಾರಿಗೂ ಕಾಣಲ್ಲ, ಯಾಕಂದ್ರೆ ಮಣ್ಣು ಮುಚ್ಚಿರುತ್ತದೆ. ವಾರ ಕಳೆದು ಮೊಳಕೆ ಎದ್ದ ಮೇಲೆ ಅದು ಯಾರು ಬಿತ್ತಿದ್ದು ಅಂತ ದಾರಿಯಲ್ಲಿ ಹೋಗೋರೆಲ್ಲ ಕೇಳುತ್ತಾರೆ. ಅದಕ್ಕೇ ಬಿತ್ತನೆಗೆ ಒಳ್ಳೆ ಕೈಯವರನ್ನೇ ಕರೆಯುತ್ತಿದ್ದರಂತೆ. ನನ್ನ ಮಗಳು ಮನೆಗೆ ಬಂದ ಮೇಲೂ ಕಡಲೆಕಾಳು ಹಿಡಿದು ಅದನ್ನೇ ಮಾಡುತ್ತಿದ್ದಳು. ಯಾವ ಗೈಡ್ ಕೂಡ ಇದನ್ನು ಹೇಳಿಕೊಡಲಾರ.

ಅದಕ್ಕೆ ಒಂದೇ ಮಾತು. ನಿಮ್ಮ ಅಮ್ಮನನ್ನು ಮುಂದೆ ಬಿಡಿ, ನೀವು ಹಿಂದೆ ನಡೆಯಿರಿ. ನೀವು ವಿವರಿಸಲು ಹೋಗಬೇಡಿ. ಅವರು ನಿಂತಲ್ಲಿ ಎಲ್ಲರೂ ನಿಲ್ಲಿ, ಅವರು ದಾಟಿ ಹೋದದ್ದನ್ನು ನೀವೂ ಬಿಡಿ. ಇಡೀ ಗಾರ್ಡನ್ ಮುಗಿಸಲೇಬೇಕು ಅನ್ನೋ ಹಟ ಬೇಡ.

ಇಂಥ ಬಯಲು ಮ್ಯೂಸಿಯಂ ಅನ್ನೋ ವಿಚಾರ ಹಳೆಯದು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 1891ರಲ್ಲಿ ಆರ್ಟುರ್ ಹ್ಯಾಜೆಲಿಯಸ್ ಅನ್ನುವವರು ಸ್ಕಾನ್ಸೆನ್ ಶುರು ಮಾಡಿದರು. ಕಾರ್ಖಾನೆಗಳು ಬಂದು ಹಳ್ಳಿಯ ಬದುಕು ಕಣ್ಣೆದುರೇ ಮಾಯವಾಗುತ್ತಿತ್ತು. ದೇಶದ ಮೂಲೆ ಮೂಲೆಯಿಂದ ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದರು. ಈಗಲೂ ಅಲ್ಲಿ ಹಳೇ ಕಾಲದ ಬಟ್ಟೆ ಹಾಕಿದವರು ಕೆಲಸ ಮಾಡಿ ತೋರಿಸುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ನಮ್ಮಲ್ಲೂ ಹಾಗೆ ಮನೆ ಬಿಚ್ಚಿ ತಂದು ಕಟ್ಟಿದ ಜಾಗ ಇವೆ. ಮಣಿಪಾಲದ ಹಸ್ತಶಿಲ್ಪ, ವಿಜಯನಾಥ ಶೆಣೈ ಅವರು ಮಾಡಿದ್ದು. ಚೆನ್ನೈ ಹತ್ತಿರದ ದಕ್ಷಿಣಚಿತ್ರ, 1996ರಲ್ಲಿ ತೆರೆದದ್ದು, ಅಲ್ಲಿ ಇಳಕಲ್ಲಿನ ನೇಕಾರರ ಮನೆಯೂ ಇದೆ. ಗೋಟಗೋಡಿಯಲ್ಲಿ ಹೆಚ್ಚಿನ ಪಾಲು ಶಿಲ್ಪ. ಶಿಲ್ಪ ಮಾತಾಡಲ್ಲ. ಮಾತಾಡೋರು ನಿಮ್ಮ ಮನೆಯಲ್ಲೇ ಇದ್ದಾರೆ.

ಜಾನಪದ ಲೋಕವನ್ನು ಪೂರ್ತಿ ಬಿಡಬೇಡಿ, ಮುಂದೆ ಎರಡು ದಿನ ಸಿಕ್ಕಾಗ ಹೋಗಿ. ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ಸುತ್ತಿ ಹಾಡು, ಸಾಮಾನು ಎಲ್ಲ ಕೂಡಿಸಿ 1994ರಲ್ಲಿ ಮಾಡಿದ ಜಾಗ ಅದು. ಅಲ್ಲಿರುವುದು ನಿಜವಾಗಿ ಬಳಸಿದ ವಸ್ತುಗಳು. ಹಿಡಿ ಸವೆದ ಒನಕೆ, ಮಸಿ ಹಿಡಿದ ಮಡಕೆ. ಗೋಟಗೋಡಿಯಲ್ಲಿ ಕೆಲಸ ಮಾಡುವ ಮನುಷ್ಯ ಕಾಣುತ್ತಾನೆ. ನಿಮ್ಮ ಮಕ್ಕಳ ವಯಸ್ಸಿಗೆ ಮೊದಲು ಗೋಟಗೋಡಿಯೇ ಸರಿ ಅನ್ನಿಸುತ್ತದೆ.

ಚಳ್ಳಕೆರೆ ಗೇಟ್:

ಎಲ್ಲ ಸರಿ, ಆದರೆ ನನಗೆ ಒಂದು ಅರ್ಥ ಆಗಲ್ಲ. ಬದುಕಿರೋ ಕಸುಬು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇರುವಾಗ ಸಿಮೆಂಟಿನ ನೇಕಾರನನ್ನು ನೋಡಲು ಅಷ್ಟು ದೂರ ಯಾಕೆ? ಮೊಳಕಾಲ್ಮೂರಿಗೆ ಹೋಗಿ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುತ್ತಾರೆ. 2011ರಲ್ಲಿ ಜಿಐ ಟ್ಯಾಗ್, ಅಂದ್ರೆ ಆ ಊರಿನದೇ ವಿಶೇಷ ಅನ್ನೋ ಭೌಗೋಳಿಕ ಗುರುತು ಕೂಡ ಬಂದಿದೆ. ಚಳ್ಳಕೆರೆ ಕಡೆ ಕಂಬಳಿ ನೇಯುವವರಿದ್ದಾರೆ. ಕುರಿ ಉಣ್ಣೆ ನೂತು, ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಿ ಆಮೇಲೆ ಮಗ್ಗಕ್ಕೆ ಹಾಕುತ್ತಾರೆ. ಆ ಗಂಜಿಯ ವಾಸನೆ, ಅಡ್ಡ ನೂಲು ಒಯ್ಯುವ ಲಾಳಿಯ ಸದ್ದು ಯಾವ ಗಾರ್ಡನ್ನಿನಲ್ಲೂ ಸಿಗಲ್ಲ. ಟಿಕೆಟ್ಟೂ ಇಲ್ಲ. ನೋಡೋ ಜನ ಬಂದರೆ ಕಸುಬಿಗೂ ಒಂದು ಮರ್ಯಾದೆ ಅಲ್ವಾ?

ಮಗ್ಗದ ಮನೆ:

ಚಳ್ಳಕೆರೆ ಗೇಟ್ ಅವರೇ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ನಾನು ಮೊಳಕಾಲ್ಮೂರಿನವಳು, ನಮ್ಮ ಮನೆಯಲ್ಲಿ ಮಗ್ಗ ಇದೆ. ಒಂದು ಮಾತು ಹೇಳಲೇಬೇಕು. ನಮ್ಮ ಮನೆ ಮ್ಯೂಸಿಯಂ ಅಲ್ಲ. ಮಗ್ಗ ಇರೋದು ನಾವು ಉಣ್ಣುವ, ಮಲಗುವ ಮನೆಯಲ್ಲೇ. ನಮಗೆ ಕೂಲಿ ಸಿಗೋದು ಸೀರೆ ಲೆಕ್ಕದಲ್ಲಿ. ಒಂದು ಸೀರೆಗೆ ದಿನಗಟ್ಟಲೆ ಕೂರಬೇಕು. ಅಂಚಿನ ಬಣ್ಣ ಬೇರೆ, ಮೈ ಬಣ್ಣ ಬೇರೆ ಇರುವ ಸೀರೆಗೆ ಲಾಳಿ ಒಂದೇ ಸಾಲದು, ಎರಡೂ ಅಂಚಿಗೆ ಬೇರೆ ಬೇರೆ ಲಾಳಿ ಬೇಕು. ಲೆಕ್ಕ ತಪ್ಪಿದರೆ ಅಂಚಿನಲ್ಲಿ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಹತ್ತು ಜನ ಬಂದು ಮೊಬೈಲ್ ಹಿಡಿದು ನಿಂತರೆ ಅಪ್ಪನ ಅವತ್ತಿನ ಕೆಲಸ ಅರ್ಧ ಆಗುತ್ತದೆ. ಒಮ್ಮೆ ಬಂದವರ ಮಗು ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆ ಹಿಡಿದು ಎಳೆದುಬಿಟ್ಟಿತು. ಹರಿದದ್ದು ಕೂದಲಿನಷ್ಟು ಸಣ್ಣ ಎಳೆಗಳು. ಒಂದೊಂದನ್ನೇ ಹುಡುಕಿ ಗಂಟು ಹಾಕುವಷ್ಟರಲ್ಲಿ ಸಂಜೆ ಆಯಿತು. ಆ ಸಂಜೆಯ ಕೂಲಿ ಯಾರೂ ಕೊಡಲಿಲ್ಲ.

ಬರಬೇಡಿ ಅಂತ ಹೇಳುತ್ತಿಲ್ಲ. ಬನ್ನಿ, ನಮಗೂ ಖುಷಿ. ಅಪ್ಪ ಮಕ್ಕಳಿಗೆ ತೋರಿಸುವಾಗ ಅವರ ಮುಖ ನೋಡಬೇಕು, ಅಷ್ಟು ಉತ್ಸಾಹ. ಆದರೆ ಮೊದಲೇ ಫೋನ್ ಮಾಡಿ, ಪರಿಚಯದವರ ಮೂಲಕವೋ ನೇಕಾರರ ಸಂಘದ ಮೂಲಕವೋ ಬನ್ನಿ. ನಾಲ್ಕೈದು ಜನಕ್ಕಿಂತ ಜಾಸ್ತಿ ಬೇಡ. ವಿಡಿಯೋ ಮಾಡುವ ಮೊದಲು ಕೇಳಿ. ಸೀರೆ ಕೊಳ್ಳಲೇಬೇಕು ಅಂತಿಲ್ಲ, ಆದರೆ ಬೆಲೆ ಕೇಳಿ ಮೂಗು ಮುರಿಯಬೇಡಿ. ಚಿಕ್ಕ ಮಕ್ಕಳಿಗೆ ಮೊದಲು ಗೋಟಗೋಡಿಯಂಥ ಜಾಗವೇ ಒಳ್ಳೆಯದು ಅಂತ ನನಗನ್ನಿಸುತ್ತದೆ. ಅಲ್ಲಿ ಸಾವಿರ ಪ್ರಶ್ನೆ ಕೇಳಲಿ, ಓಡಾಡಲಿ, ಯಾರ ಕೆಲಸವೂ ಕೆಡುವುದಿಲ್ಲ.

ಚಳ್ಳಕೆರೆ ಗೇಟ್:

ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಸಂಘದ ಮೂಲಕ ಹೋಗುವುದೇ ಒಳ್ಳೆಯದು.

ಬೆಣ್ಣೆನಗರಿ ಅಪ್ಪ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರ್ ಬರೆದದ್ದನ್ನು ರಾತ್ರಿ ಊಟ ಆದ ಮೇಲೆ ಅಮ್ಮನಿಗೆ ಓದಿ ಹೇಳಿದೆ. ಕೂರಿಗೆ ಮಾತು ಬಂದದ್ದೇ ತಡ, ಅಲ್ಲಿಂದ ಹಗೇವಿಗೆ, ಅಂದ್ರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿಯ ಮಾತಿಗೆ ಹೋದರು. ನನಗೆ ಹಗೇವು ಅನ್ನೋ ಹೆಸರು ಗೊತ್ತಿತ್ತು ಅಷ್ಟೇ. ಅವರ ತವರಿನ ಅಂಗಳದಲ್ಲೇ ಇತ್ತಂತೆ. ಬಾಯಿ ಚಿಕ್ಕದು, ಒಬ್ಬ ಇಳಿಯುವಷ್ಟು. ಒಳಗೆ ಅಗಲ. ತಳಕ್ಕೆ, ಸುತ್ತ ಹುಲ್ಲು ಒತ್ತಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವಾಗ ಯಾರೂ ಸೀದಾ ಇಳಿಯುವ ಹಾಗಿಲ್ಲ. ಮೊದಲು ಬಾಯಿ ತೆರೆದು ಬಹಳ ಹೊತ್ತು ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಕೆಳಗೆ ಬಿಡಬೇಕು. ದೀಪ ಆರಿದರೆ ಇಳಿಯಬಾರದು.

ಯಾಕೆ ಅಂತ ಮಗಳು ಕೇಳಿದಳು. ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವರು ಕೂಗುವುದಕ್ಕೂ ಆಗದೆ ಬೀಳುತ್ತಾರೆ, ಹಾಗೆ ಸತ್ತವರಿದ್ದಾರೆ ಅಂದರು ಅಮ್ಮ. ಆಮೇಲೆ ನಾನು ಮಗಳಿಗೆ ಸೈನ್ಸ್ ಹೇಳಿದೆ. ಕಾಳಿಗೂ ಉಸಿರಾಟ ಇದೆ, ಮುಚ್ಚಿದ ಗುಂಡಿಯ ಆಮ್ಲಜನಕವನ್ನು ಅದು ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಆ ಗಾಳಿ ಭಾರ, ತಳದಲ್ಲೇ ನಿಲ್ಲುತ್ತದೆ. ಜೋಳಕ್ಕೆ ಹುಳ ಹಿಡಿಯದೆ ಇರುವುದಕ್ಕೂ ಅದೇ ಕಾರಣ. ಅವಳು ನೋಟ್ ಬುಕ್ಕಿನಲ್ಲಿ ಹಗೇವಿನ ಚಿತ್ರ ಬರೆದು ಅಜ್ಜಿಗೆ ತೋರಿಸಿದಳು. ಬಾಯಿ ಜಾಸ್ತಿ ಅಗಲ ಆಯ್ತು ಅಂತ ಅಜ್ಜಿ ಎರಡು ಸಲ ತಿದ್ದಿಸಿದರು! ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅಮ್ಮ ಇದನ್ನು ಹೇಳಿದ್ದು ನಾನು ಕೇಳಿರಲಿಲ್ಲ.

ಹಾಗಾಗಿ ಗೋಟಗೋಡಿ ಗಟ್ಟಿ. ಮೊಳಕಾಲ್ಮೂರಿಗೆ ಮಗ ಸ್ವಲ್ಪ ದೊಡ್ಡವನಾದ ಮೇಲೆ, ಕೇಳಿಕೊಂಡೇ ಬರುತ್ತೇವೆ. ಇನ್ನು ಊಟದ ಕಥೆ ಏನು? ಬುತ್ತಿ ಕಟ್ಟಿಕೊಂಡು ಹೋಗಬಹುದಾ? ವಾಪಸ್ ಬರುವಾಗ ಹತ್ತಿರದಲ್ಲಿ ಇನ್ನೇನಾದರೂ ನೋಡಬಹುದಾ?

ದುರ್ಗದ ಟೀಚರ್:

ಮಗಳ ನೋಟ್ ಬುಕ್ಕನ್ನು ಜೊತೆಗೆ ತೆಗೆದುಕೊಂಡು ಹೋಗಿ. ಫೋಟೋಗಿಂತ ಅವಳು ಬರೆದ ಚಿತ್ರ, ಅಜ್ಜಿ ಹೇಳಿದ ಹೆಸರು, ಇದು ಉಳಿಯುತ್ತದೆ. ಆಗುವುದಾದರೆ ಅಮ್ಮನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರಿಗೆ ಹೇಳಿಯೇ ಮಾಡಿ.

ರಾಣೇಬೆನ್ನೂರಿನವ:

ಬುತ್ತಿ ಖಂಡಿತ ಕಟ್ಟಿಕೊಳ್ಳಿ. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಇದ್ದರೆ ಮಕ್ಕಳಿಗೂ ಸಾಕು. ನಿಮ್ಮೂರ ಮಂಡಕ್ಕಿಯನ್ನು ಮರೆಯಬೇಡಿ. ಒಳಗೆ ಕೂತು ಉಣ್ಣಲು ಬಿಡುತ್ತಾರಾ ಅಂತ ಟಿಕೆಟ್ ಕೊಡುವಲ್ಲೇ ಕೇಳಿ. ಅಮ್ಮನಿಗೆ ಒಂದು ಮಡಚುವ ಸ್ಟೂಲ್ ಇಟ್ಟುಕೊಳ್ಳಿ, ನಿಂತಲ್ಲೇ ಕೂರಬಹುದು. ಟೋಪಿ, ಕೊಡೆ, ನೀರು ಬೇಕೇ ಬೇಕು.

ವಾಪಸ್ ಬರುವಾಗ ಎರಡು ಜಾಗ ಇವೆ. ಬಾಡ, ಕನಕದಾಸರು ಹುಟ್ಟಿದ ಊರು, ಶಿಗ್ಗಾವಿ ತಾಲ್ಲೂಕಿನಲ್ಲೇ ಇದೆ. ಇನ್ನೊಂದು ಬಂಕಾಪುರ. ಕೋಟೆಯೊಳಗೆ ನವಿಲುಧಾಮ, ಖಿಲಾರಿ ದನದ ತಳಿ ಕೇಂದ್ರ, ಅರವತ್ತು ಕಂಬದ ನಾಗರೇಶ್ವರ ಗುಡಿ. ಎರಡೂ ಮಾಡಲು ಹೋದರೆ ಅಮ್ಮನಿಗೆ ಸುಸ್ತಾಗುತ್ತದೆ. ನನ್ನ ಓಟು ಬಂಕಾಪುರಕ್ಕೆ. ಎತ್ತು ಯಾರ ಮನೆಯಲ್ಲೂ ಇಲ್ಲ ಅಂದಿರಲ್ಲ, ಅಲ್ಲಿ ಜೀವಂತ ಖಿಲಾರಿ ದನ ಇವೆ. ನವಿಲು ಕಾಣಬೇಕಾದರೆ ಸಂಜೆ ಹೊತ್ತಿಗೆ ಅಲ್ಲಿರಬೇಕು. ಅದಕ್ಕೆ ಗೋಟಗೋಡಿಯಿಂದ ಸ್ವಲ್ಪ ಬೇಗ ಹೊರಡಿ.