ಮಂಗಳದ ಯಂತ್ರಗಳನ್ನು ಹೊತ್ತ ತಂತಿಗಳು: ಅಳಿಸಿದ್ದು ಸರಿಯೇ?

ಪ್ರಶ್ನೆ:

ಜಾರ್ಜ್ ಪಾಲ್ ನಿರ್ಮಿಸಿ ಬೈರನ್ ಹ್ಯಾಸ್ಕಿನ್ ನಿರ್ದೇಶಿಸಿದ 1953ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಚಿತ್ರವನ್ನು (ಮಂಗಳಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ ಕಥೆ), ಕ್ರೈಟೀರಿಯನ್ ಸಂಸ್ಥೆ 2020ರಲ್ಲಿ ಹೊರತಂದ ಬ್ಲೂ-ರೇಯಲ್ಲಿ ಮತ್ತೆ ನೋಡಿದೆ. ಹಿಂದಿನ ಡಿವಿಡಿಯಲ್ಲಿ ಮಂಗಳದ ಯುದ್ಧಯಂತ್ರಗಳನ್ನು ಎತ್ತಿ ಹಿಡಿದಿದ್ದ ತಂತಿಗಳು ಎದ್ದು ಕಾಣುತ್ತಿದ್ದವು. ಈ ಬಾರಿ ಅವು ಇಲ್ಲವೇ ಇಲ್ಲ. ಕಂಪ್ಯೂಟರಿನ ನೆರವಿನಿಂದ ಅವುಗಳನ್ನು ಅಳಿಸಿದ್ದಾರೆ. ನೋಡುವಾಗ ನನಗೆ ಸಂತೋಷವಾಯಿತು ಎಂಬುದು ನಿಜ, ಆದರೆ ಎಪ್ಪತ್ತು ವರ್ಷ ಹಳೆಯ ಚಿತ್ರವೊಂದರಲ್ಲಿ ನೆಗೆಟಿವ್‌ನಲ್ಲೇ ದಾಖಲಾಗಿರುವುದನ್ನು ತೆಗೆದುಹಾಕುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆ ಅಷ್ಟೇ ಗಟ್ಟಿಯಾಗಿ ಉಳಿದಿದೆ. ಇದು ಜೀರ್ಣೋದ್ಧಾರವೋ, ತಿದ್ದುಪಡಿಯೋ?

ಮೊದಲ ಉತ್ತರ:

ನನ್ನ ದೃಷ್ಟಿಯಲ್ಲಿ ಇದು ಜೀರ್ಣೋದ್ಧಾರವೇ. ಕಾರಣ ಆ ಕಾಲದ ಮುದ್ರಣ ವಿಧಾನದಲ್ಲಿದೆ. ಈ ಚಿತ್ರವನ್ನು ತೆಗೆದದ್ದು ಮೂರು ಪಟ್ಟಿಗಳ ಟೆಕ್ನಿಕಲರ್ ಕ್ಯಾಮೆರಾದಲ್ಲಿ: ಮಸೂರದಿಂದ ಬಂದ ಬೆಳಕನ್ನು ಪಟ್ಟಕವೊಂದು (ಪ್ರಿಸಮ್) ಸೀಳಿ, ಕೆಂಪು, ಹಸಿರು, ನೀಲಿಗಳನ್ನು ಮೂರು ಪ್ರತ್ಯೇಕ ಕಪ್ಪು-ಬಿಳುಪು ನೆಗೆಟಿವ್‌ಗಳ ಮೇಲೆ ಮೂಡಿಸುತ್ತಿತ್ತು. ಚಿತ್ರಮಂದಿರಕ್ಕೆ ಹೋಗುವ ಪ್ರಿಂಟ್‌ಗಳನ್ನು ತಯಾರಿಸುವಾಗ ಒಂದೊಂದು ಬಣ್ಣವನ್ನೂ ಫಿಲ್ಮಿನ ಮೇಲೆ ಅಚ್ಚೊತ್ತಲಾಗುತ್ತಿತ್ತು. ಹೀಗೆ ಬಣ್ಣ ಒತ್ತುವಾಗ ಅಂಚುಗಳು ತುಸು ಮೃದುವಾಗುತ್ತಿದ್ದವು, ನೆರಳುಗಳು ದಟ್ಟವಾಗುತ್ತಿದ್ದವು. ತೆಳುವಾದ ತಂತಿಗಳು ಆ ಕತ್ತಲಲ್ಲಿ ಕರಗಿಹೋಗುತ್ತಿದ್ದವು. ಮುಂದೆ ಅಗ್ಗದ ಈಸ್ಟ್‌ಮನ್ ಕಲರ್ ಫಿಲ್ಮಿನ ಮೇಲೆ, ಹೆಚ್ಚು ಬೆಳಕಿನೊಂದಿಗೆ ಮರುಮುದ್ರಣವಾದಾಗ ಅವು ಹೊರಬಿದ್ದವು. 2018ರಲ್ಲಿ ಮೂಲ ನೆಗೆಟಿವ್‌ಗಳಿಂದಲೇ 4ಕೆ ಸ್ಪಷ್ಟತೆಯಲ್ಲಿ ಚಿತ್ರವನ್ನು ಪುನರುದ್ಧರಿಸಿದವರ ಮುಂದಿದ್ದದ್ದು ಪ್ರೇಕ್ಷಕರು ಎಂದೂ ನೋಡದಷ್ಟು ಹರಿತವಾದ ಬಿಂಬ. ಅದನ್ನು ಹಾಗೆಯೇ ಬಿಟ್ಟಿದ್ದರೆ 1953ರ ಪ್ರೇಕ್ಷಕರು ಕಂಡ ಚಿತ್ರ ನಮಗೆ ಸಿಗುತ್ತಿರಲಿಲ್ಲ.

ಇನ್ನೂ ಒಂದು ಮಾತಿದೆ. ಈ ಯಂತ್ರಗಳು ಕಣ್ಣಿಗೆ ಕಾಣದ ಕಾಂತಶಕ್ತಿಯ ಕಾಲುಗಳ ಮೇಲೆ ನಿಂತಿವೆ ಎಂದು ಚಿತ್ರದ ವಿಜ್ಞಾನಿ ಡಾ. ಫಾರೆಸ್ಟರ್ ಪಾತ್ರವೇ ವಿವರಿಸುತ್ತದೆ. ಯಂತ್ರವನ್ನು ಕೆಳಗಿನಿಂದ ಕಾಂತಶಕ್ತಿ ಹೊತ್ತಿದೆ ಎಂದು ಮಾತು ಹೇಳುತ್ತಿರುವಾಗ ಮೇಲಿನಿಂದ ತಂತಿ ಹೊತ್ತಿರುವುದು ಕಂಡರೆ, ಕಥೆಯೇ ಸುಳ್ಳಾಗುತ್ತದೆ. ಮನೋರಂಜನೆಗಾಗಿ ಹೊಸತನ್ನು ಸೇರಿಸುವುದು ಬೇರೆ, ಮರೆಯಲ್ಲಿ ಇರಬೇಕಾದದ್ದನ್ನು ಮತ್ತೆ ಮರೆಗೆ ಸರಿಸುವುದು ಬೇರೆ.

ಎರಡನೆಯ ಉತ್ತರ:

ಮೇಲಿನ ವಾದದ ತಾಂತ್ರಿಕ ಭಾಗವನ್ನು ಒಪ್ಪುತ್ತೇನೆ, ನಿರ್ಣಯವನ್ನು ಪೂರ್ತಿಯಾಗಿ ಒಪ್ಪಲಾರೆ. ಆ ತಂತಿಗಳು ಬರೀ ಆಸರೆಯಾಗಿರಲಿಲ್ಲ. ಕಲಾ ನಿರ್ದೇಶಕ ಆಲ್ಬರ್ಟ್ ನೊಝಾಕಿ ರೂಪಿಸಿದ ಆ ತಾಮ್ರದ ಯಂತ್ರಗಳಿಗೆ ವಿದ್ಯುತ್ತನ್ನು ಒಯ್ಯುತ್ತಿದ್ದವೂ ಅವೇ. ಹೆಡೆಯಂಥ ಆ ಕತ್ತು ಹೊರಳುವುದರಲ್ಲಿ, ತುದಿಯ ಕಣ್ಣು ಕೆಂಪಗೆ ಉರಿಯುವುದರಲ್ಲಿ ಕೈಕೆಲಸದ ಒಂದು ಇಡೀ ಇತಿಹಾಸವಿದೆ. ಇವನ್ನೆಲ್ಲ ಸಾಧ್ಯವಾಗಿಸಿದ ಗಾರ್ಡನ್ ಜೆನ್ನಿಂಗ್ಸ್ ಚಿತ್ರ ಬಿಡುಗಡೆಯಾಗುವ ಮುನ್ನವೇ ತೀರಿಕೊಂಡರು. ವಿಶೇಷ ಪರಿಣಾಮಗಳಿಗಾಗಿ ಬಂದ ಆಸ್ಕರ್ ಅವರ ಮರಣಾನಂತರದ್ದು. ಆದ್ದರಿಂದ ಅವರ ಪರವಾಗಿ ನಾವು ತೀರ್ಮಾನಿಸುವಾಗ ಹೆಚ್ಚು ಎಚ್ಚರ ಬೇಕು. ತಂತಿ ಅಳಿಸಿದ ಆವೃತ್ತಿ ಇರಲಿ, ಆದರೆ ಅಳಿಸದ ಬಿಂಬವೂ ಅಧ್ಯಯನಕ್ಕೆ ಸಿಗುವಂತಿರಬೇಕು. ಹಳೆಯ ಡಿವಿಡಿ ಇದ್ದವರು ದಯವಿಟ್ಟು ಅದನ್ನು ಎಸೆಯಬೇಡಿ.

ಮೂರನೆಯ ಉತ್ತರ:

ಚಿತ್ರದ ಬಗ್ಗೆ ಇಷ್ಟು ಚರ್ಚೆಯಾಯಿತು, ಧ್ವನಿಯ ಬಗ್ಗೆ ಯಾರೂ ಕೇಳಲಿಲ್ಲ. ಅದೇ ಬ್ಲೂ-ರೇಯಲ್ಲಿ ಮೂಲ ಮೊನೊ (ಒಂದೇ ವಾಹಿನಿಯ) ಧ್ವನಿಪಥದ ಜೊತೆಗೆ, ಧ್ವನಿವಿನ್ಯಾಸಕ ಬೆನ್ ಬರ್ಟ್ ಸಿದ್ಧಪಡಿಸಿದ ಹೊಸ 5.1 (ಸುತ್ತಲಿನ ಸ್ಪೀಕರ್‌ಗಳಿಂದ ಕೇಳಿಸುವ) ಧ್ವನಿಪಥವೂ ಇದೆ. ಎರಡನ್ನೂ ಕೊಟ್ಟು ಆಯ್ಕೆಯನ್ನು ನೋಡುಗರಿಗೆ ಬಿಟ್ಟಿದ್ದಾರೆ. ತಂತಿಗಳ ವಿಷಯದಲ್ಲೂ ಇದೇ ನೀತಿ ಅನುಸರಿಸಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ಯಂತ್ರಗಳ ಅಸ್ತ್ರವಾದ ಶಾಖಕಿರಣದ ಆ ಸದ್ದನ್ನು ಎಲೆಕ್ಟ್ರಿಕ್ ಗಿಟಾರ್‌ಗಳ ನಾದವನ್ನು ಹಿಂದುಮುಂದಾಗಿ ನುಡಿಸಿ ಕಟ್ಟಿದ್ದರು. ಮೊನೊದಲ್ಲಿ ಅದು ಎದುರಿನಿಂದ, ಒಂದೇ ಬಿಂದುವಿನಿಂದ ಎದೆಗೆ ಬಂದು ಬಡಿಯುತ್ತದೆ. ಪಾದ್ರಿ ಕಾಲಿನ್ಸ್ ಪ್ರಾರ್ಥನೆ ಹೇಳುತ್ತಾ ಯಂತ್ರಗಳತ್ತ ಒಬ್ಬರೇ ನಡೆದುಹೋಗುವ ದೃಶ್ಯವನ್ನು ನಾನಂತೂ ಮೊನೊದಲ್ಲೇ ಕೇಳಲು ಬಯಸುತ್ತೇನೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಮೃದುವಾದ ಮುದ್ರಣವೇ ಪ್ರೇಕ್ಷಕರು ಕಂಡ ಚಿತ್ರವಾಗಿತ್ತು ಎಂಬ ವಾದ ನನ್ನನ್ನು ಬಹುಮಟ್ಟಿಗೆ ಒಪ್ಪಿಸಿದೆ. ಆದರೂ ಎರಡನೆಯ ಉತ್ತರದ ಬೇಡಿಕೆ ನ್ಯಾಯವಾದದ್ದೇ: ಅಳಿಸದ ಕೆಲವು ದೃಶ್ಯಗಳನ್ನಾದರೂ ಹೆಚ್ಚುವರಿ ಭಾಗದಲ್ಲಿ, ಏನನ್ನು ಏಕೆ ತೆಗೆದರು ಎಂಬ ವಿವರಣೆಯೊಂದಿಗೆ, ಮುಂದಿನ ಆವೃತ್ತಿಗಳಲ್ಲಿ ಸೇರಿಸಬೇಕು. ಈ ವಾರ ಮೊನೊ ಧ್ವನಿಪಥದೊಂದಿಗೆ ಇನ್ನೊಮ್ಮೆ ನೋಡುತ್ತೇನೆ.