ಗೋವಾಕ 11 ಮಂದಿ ಹೊಂಟೀವಿ, ಫ್ಲಾಟ್ ಹಿಡಿಯೂದೋ ಹೊಟೇಲ್ ರೂಮ್ ಮಾಡೂದೋ?

ನವನಗರ_ಬಾಗಲಕೋಟಿ:

ಎಲ್ಲಾರಿಗೂ ನಮಸ್ಕಾರ್ರಿ. ಸಂಕ್ರಮಣ ಮುಗದ ಮ್ಯಾಲೆ ಜನವರಿ ಮೂರನೇ ವಾರ ನಾಕ್ ದಿನ ದಕ್ಷಿಣ ಗೋವಾಕ ಹೋಗೂದಂತ ಮನ್ಯಾಗ ಠರಾವ್ ಆಗೈತಿ. ಒಟ್ಟ 11 ಮಂದಿ. ಮುತ್ತ್ಯಾಗ 81, ಆಯಿಗೆ 76, ಆಯಿಗೆ ಮೊಣಕಾಲ ಬ್ಯಾನಿ, ಮುತ್ತ್ಯಾ ಕೋಲ ಹಿಡ್ಕೊಂಡ ಅಡ್ಡ್ಯಾಡ್ತಾನ. ಆಮ್ಯಾಲೆ ಅಪ್ಪ ಅವ್ವ, ಕಾಕಾ ಕಾಕು, ನಾನು ನಮ್ಮ ಮನ್ಯಾಕಿ, ತಂಗಿ, ಮತ್ತ ಎರಡು ಹುಡುಗ್ರು, ಮಗಗ 9 ವರ್ಷ, ಮಗಳಿಗೆ ಎರಡೂವರಿ.

ಮುತ್ತ್ಯಾ ಹುಟ್ಟಿದಾಗಿಂದ ಸಮುದ್ರ ನೋಡಿಲ್ರಿ. ನಾವು ಮುಳುಗಡಿ ಆಗಿ ಹಳೇ ಊರಿಂದ ನವನಗರಕ್ಕ ಬಂದವ್ರು, "ಮನಿ ನುಂಗಿದ ನೀರ ನೋಡಿದಂವ ನಾನು, ಮತ್ತ ಯಾ ನೀರ ತೋರಸ್ತೀರಿ" ಅಂತಾನ. ಆದ್ರ ನನ್ನ ಮಗನ್ನ ಬಾಜೂಕ ಕರದು ಆ ನೀರ ಖರೇನ ಉಪ್ಪ ಇರ್ತೈತೇನು ಅಂತ ಕೇಳ್ಯಾನಂತ. ಹಂಗಾಗಿ ಈ ಟ್ರಿಪ್ ಕ್ಯಾನ್ಸಲ್ ಮಾಡಂಗಿಲ್ಲ.

ನನ್ನ ಮುಂದ ಮೂರು ದಾರಿ ಅದಾವ. ಬೆಣಾವಲಿ ಕಡೆ ಒಂದ 3 ಬಿಎಚ್‌ಕೆ ಫ್ಲಾಟ್, ಎರಡನೇ ಮಾಳಿಗಿ, ಸ್ವಿಮ್ಮಿಂಗ್ ಪೂಲ್ ಐತಿ, ಬೀಚ್ 400 ಮೀಟರ್ ಅಂತ ಹಾಕ್ಯಾರ, 10 ಮಂದಿ ಮಲಗಬಹುದು ಅಂತಾರ. ಇಲ್ಲಾ ಅದ ಕಾಂಪ್ಲೆಕ್ಸ್‌ನಾಗ ಎರಡು 2 ಬಿಎಚ್‌ಕೆ, ಒಂದ ತಳಮನಿ ಒಂದ ಮ್ಯಾಲೆ, ರೊಕ್ಕ ಒಂದೂವರಿ ಪಟ್ಟು ಆಕ್ಕೈತಿ. ಇಲ್ಲಾ ಕೋಲ್ವಾದಾಗ ಹೊಟೇಲಿನ ನಾಕ್ ರೂಮು. ಕಾಕಾ ಮಾತ್ರ ಗೋವಾನ ಬ್ಯಾಡ, ಮುರ್ಡೇಶ್ವರಕ್ಕ ಹೋಗೂಣು ದೇವರರ ಆಗ್ತಾನ ಅನ್ನಾಕತ್ತಾನ. ಹಿಂಗ ದೊಡ್ಡ ಸಂಸಾರ ಕಟ್ಕೊಂಡು ಹೋಗಿ ಬಂದವ್ರು ಇದ್ರ ಹೇಳ್ರಿ, ಫೋಟೋ ನೋಡಿ ನೋಡಿ ತಲಿ ಕೆಟ್ಟೈತಿ, ಎಲ್ಲಾ ಫ್ಲಾಟೂ ಒಂದ ಥರ ಕಾಣ್ತಾವ, ಬಿಳೇ ಸೋಫಾ, ಮ್ಯಾಲೊಂದ ಹಸರ ದಿಂಬು.

—

ತಿಳಕವಾಡಿ_ಅಕ್ಕ:

ತಮ್ಮಾ, ಬೆಳಗಾವಿಯವ್ರಿಗೆ ಗೋವಾ ಅಂದ್ರ ಹಿತ್ತಲ ಇದ್ದಂಗ, ವರ್ಷಕ್ಕ ಎರಡು ಸಲ ಹೋಗ್ತೀವಿ. ಮದಲ ಆ 400 ಮೀಟರ್ ಮಾತು ಬಿಡಸ್ತೀನಿ. ಹಳ್ಳಿ ಕಡೆ ಸಮುದ್ರದ ಭರತಿ ಗೆರಿಯಿಂದ 200 ಮೀಟರ್ ತನಕ ಹೊಸಾ ಬಿಲ್ಡಿಂಗ್ ಕಟ್ಟಬಾರದು ಅಂತ ಸಿಆರ್‌ಝಡ್ ನಿಯಮ, ಅಂದ್ರ ಕಡಲ ದಂಡಿ ಕಾಯೂ ಸರಕಾರಿ ನಿಯಮ, 1991ರಿಂದ ಅದ. ಅದಕ್ಕ ಫ್ಲಾಟಿನ ಕಾಂಪ್ಲೆಕ್ಸ್‌ಗಳೆಲ್ಲಾ ಒಳಗ ಇರ್ತಾವ, ನಡುವ ಭತ್ತದ ಗದ್ದಿ, ಆಮ್ಯಾಲೆ ಉಸುಕಿನ ದಿಬ್ಬ. ಅವ್ರು ಬರದ 400 ಮೀಟರ್ ಕಾಗಿ ಹಾರಿದ ಲೆಕ್ಕ. ರಸ್ತಾದಿಂದ ಸುತ್ತಿ ಹೋದ್ರ ಒಂದ ಕಿಲೋಮೀಟರ್ ದಾಟೂದೂ ಉಂಟು. ಮ್ಯಾಪ್‌ನಾಗ ಸ್ಯಾಟಲೈಟ್ ಹಾಕಿ, ನಡಕೊಂಡು ಹೋಗೂ ದಾರಿ ಬೆರಳಿಲೆ ಹಿಡದು ನೋಡು. ದಾರಿ ಮುಗದ ಮ್ಯಾಲೆ ಮೆತ್ತನ ಉಸುಕಿನ್ಯಾಗ ನೀರಿನ ತನಕ ಮತ್ತೊಂದು ನಡಗಿ ಅದ, ಕೋಲಿನ ತುದಿ ಗಚ್ಚಂತ ಒಳಗ ಹೋಗ್ತದ. ನಮ್ಮ ಮಾವನವ್ರು ಅಲ್ಲೇ ನಿಂತು "ನಾ ಇಲ್ಲಿಂದನ ನೋಡ್ತೀನಿ" ಅಂದಿದ್ರು. ಗಾಡಿ ಉಸುಕಿನ ಅಂಚಿನ ತನಕ ಹೋಗೂ ಕಡೆ ಯಾವ್ದದ ಅಂತ ಕೇಳ್ಕೊ, ಕೋಲ್ವಾದಾಗ ಹೋಗ್ತದ.

ಎರಡನೇ ಮಾಳಿಗಿ ಲಿಫ್ಟ್ ಇಲ್ಲದ ತಗೋಬ್ಯಾಡ. ಲಿಫ್ಟ್ ಇದ್ರೂ ಇವತ್ತ ನಡೀತದೇನು ಅಂತ ಕೇಳು, ಉಪ್ಪಿನ ಗಾಳಿಗೆ ಅಲ್ಲಿ ಲಿಫ್ಟ್, ಏಸಿ, ನಳ ಎಲ್ಲಾ ಲಗೂನ ಕೆಡ್ತಾವ. ಮೂರು ವರ್ಷದ ಹಿಂದ ನಮಗ ಹಂಗ ಆತು, ಫೋಟೋದಾಗ ಲಿಫ್ಟ್ ಇತ್ತು, ಹೋಗಿ ನೋಡಿದ್ರ ಬಾಗಲಕ್ಕ ಹಗ್ಗ ಕಟ್ಟಿದ್ರು. ಅತ್ತಿಯವ್ರನ್ನ ಕುರ್ಚಿ ಮ್ಯಾಲೆ ಕೂಡಿಸಿ ಹೊತ್ಕೊಂಡು ಹೋಗಿದ್ದು, ಆಮ್ಯಾಲೆ ಮೂರು ದಿನ ಅವ್ರು ಕೆಳಗ ಇಳೀಲೇ ಇಲ್ಲ. ಬಾಲ್ಕನಿಯಿಂದ ತೆಂಗಿನ ಗಿಡ ನೋಡಿ ವಾಪಸ್ ಬಂದ್ರು.

10 ಮಂದಿ ಅಂದ್ರ ಹಾಲಿನ ಸೋಫಾ-ಕಮ್-ಬೆಡ್ಡೂ ಲೆಕ್ಕಕ್ಕ ಹಿಡದಿರ್ತಾರ. ನಿಮ್ಮ ಮುತ್ತ್ಯಾ ಏಳೂದು ಎಷ್ಟಕ್ಕ? ನಸಿಕಿನ್ಯಾಗ ನಾಕೂವರಿಗೆ ಎದ್ದು ಪೂಜಾ, ಚಹಾ ಅಂದ್ರ ಹಾಲಿನ್ಯಾಗ ಮಲಗಿದವ್ರ ಗತಿ ಏನು? ಮಲಗೂ ಖೋಲಿಗಿಂತ ಮದಲ ಬಚ್ಚಲ ಎಣಿಸು, 11 ಮಂದಿಗೆ ಎರಡ ಬಚ್ಚಲ ಅಂದ್ರ ಮುಂಜಾನಿ ಹತ್ತರ ತನಕ ಪಾಳಿ. ಕಮೋಡ್ ಬಾಜೂ ಹಿಡಕೊಳ್ಳಿಕ್ಕೆ ಏನರ ಅದ ಏನು, ಫರಸಿ ಜಾರ್ತದೇನು, ಇದನ್ನ ಫೋಟೋ ಹೇಳೂದಿಲ್ಲ. ಕೇರ್‌ಟೇಕರ್‌ಗೆ ವಿಡಿಯೋ ಕಾಲ್ ಮಾಡಿ ಗೇಟಿನಿಂದ ಬಚ್ಚಲದ ತನಕ ನಡ್ಕೋತ ತೋರ್ಸಂತ ಹೇಳು. ತೋರ್ಸೂದಿಲ್ಲ ಅಂದ್ರ ಆ ಮನಿ ಬಿಟ್ಟು ಬಿಡು.

ಇನ್ನೊಂದು, ಬೆಣಾವಲಿ ಕೋಲ್ವಾ ಕಡೆ ಇದ್ರ ಮಡಗಾಂವ್ ಹತ್ರ, ಜಿಲ್ಲಾ ಆಸ್ಪತ್ರಿ ಅಲ್ಲೇ ಅದ. ಪಾಳೋಲೆಂ ಬೀಚ್ ಚಂದ ಅದ ಖರೆ, ಆದ್ರ 81 ವರ್ಷದವ್ರನ್ನ ಕರಕೊಂಡು ಅಷ್ಟು ದೂರ ನಾ ಅಂತೂ ಹೋಗೂದಿಲ್ಲ.

—

ಜಮಖಂಡಿ_ಟಿಟಿ:

ಅಣ್ಣಾರ ನಂದ ಟೆಂಪೋ ಟ್ರಾವೆಲರ್ (ಟಿಟಿ) ಐತಿ, ಗೋವಾ ಬಾಡಿಗಿ ಬಾಳ ಹೊಡದೀನಿ. ಅಕ್ಕಾರು ಹೇಳಿದ್ದೆಲ್ಲಾ ಖರೆ, ಒಂದ ಬಿಟ್ಟಾರ. ಪಾರ್ಕಿಂಗ್. ಈ ಫ್ಲಾಟ್‌ದವ್ರು ಒಂದ ಫ್ಲಾಟಿಗೆ ಒಂದ ಕಾರಿನ ಜಾಗಾ ಅಂತಾರ, ಟಿಟಿ ತಗೊಂಡು ಹೋದ್ರ ವಾಚ್‌ಮನ್ ಗೇಟಿನ್ಯಾಗನ ನಿಂದರಸ್ತಾನ, ಕೆಲವು ಕಡೆ ಕಮಾನಕ್ಕ ಗಾಡಿ ಮ್ಯಾಲಿನ ಕ್ಯಾರಿಯರ್ ತಾಕ್ತೈತಿ, ಆಮ್ಯಾಲೆ ಓಣ್ಯಾಗ ಹಚ್ಚಿದ್ರ ಅಲ್ಲಿ ಮಂದಿ ಜಗಳ ತಗೀತಾರ, ಎಲ್ಲಾ ಸಾಮಾನ ಅರ್ಧಾ ಫರ್ಲಾಂಗ ಹೊತಗೊಂಡ ಹೋಗೂದು ನಿಮ್ಮ ಹಣೇಬಾರ. ಮದಲ ಕೇಳ್ರಿ. ಮತ್ತ ಡ್ರೈವರ್ ಎಲ್ಲಿ ಮಲಗ್ತಾನ ಅನ್ನೂದೂ ಕೇಳ್ರಿ, ಅದನ್ನ ಯಾರೂ ಕೇಳಂಗಿಲ್ಲ, ಅಂವನೂ ಮನಷಾ ಅಲ್ಲೇನ್ರಿ.

ಗಾಡಿ ಅಂತೂ ಇಲ್ಲಿಂದನ ತಗೊಂಡ ಹೋಗ್ರಿ, ಅಲ್ಲಿ ನಮ್ಮ ಕಡೆ ಹಂಗ ಮೊಬೈಲ್ ಒತ್ತಿದ ಕೂಡ್ಲೆ ಕ್ಯಾಬ್ ಬರೂದಿಲ್ಲ. ಹಳದಿ ಬೋರ್ಡ್ ಗಾಡಿ ಆದ್ರ ಗೋವಾ ಪರ್ಮಿಟ್ ಟ್ಯಾಕ್ಸ್ ಯಾರ ಕಟ್ಟೂದು ಅಂತ ಮದಲ ಮಾತಾಡ್ಕೊಳ್ರಿ. ದಾರಿ ಲೋಕಾಪುರ, ಯರಗಟ್ಟಿ, ಬೆಳಗಾವಿ, ಖಾನಾಪುರ, ರಾಮನಗರ, ಅನಮೋಡ ಘಾಟ, ಮೊಲೆಂ. ಚೋರ್ಲಾ ಘಾಟ ಪಣಜಿ ಕಡೆ ಹೋಗಾವ್ರಿಗೆ ಚಲೋ, ನಿಮಗ ದಕ್ಷಿಣಕ್ಕ ಹೋಗಬೇಕಂದ್ರ ಸುತ್ತ ಆಕ್ಕೈತಿ, ಮ್ಯಾಲೆ ಆ ತಿರುವಿಗೆ ಸಣ್ಣ ಹುಡುಗ್ರು ವಾಂತಿ ಮಾಡ್ಕೋತಾವ. ಅನಮೋಡದಾಗೂ ತಿರುವು ಅದಾವ, ಹಿಂದಿನ ಸೀಟಿಗೆ ಹಿರಿಯಾರನ್ನ ಕೂಡಸಬ್ಯಾಡ್ರಿ. ಮತ್ತ ನಿಮ್ಮ ಕಾಕಾಗ ಹೇಳಿ ಇಡ್ರಿ, ವಾಪಸ್ ಬರುವಾಗ ಅನಮೋಡ ನಾಕಾದಾಗ ಅಬಕಾರಿಯವ್ರು ಬ್ಯಾಗ ಬಿಚ್ಚಿಸಿ ನೋಡ್ತಾರ 😄

—

ವಿಜಾಪುರದ_ಸೊಸಿ:

ಎಲ್ಲಾರೂ ಬಚ್ಚಲ ಲಿಫ್ಟ್ ಪಾರ್ಕಿಂಗ್ ಮಾತಾಡಿದ್ರಿ, ಅಡಗಿಮನಿ ಮಾತು ಯಾರೂ ತಗೀಲಿಲ್ಲ, ಅಣ್ಣಾರಂತೂ ಪ್ರಶ್ನೆದಾಗನೂ ಬರದಿಲ್ಲ. ನಾವು ಹೋದ ವರ್ಷ 13 ಮಂದಿ ಹೋಗಿದ್ವಿ. "ಕಿಚನ್ ಇದ್ದ ಫ್ಲಾಟ್ ತಗೊಂಡ್ರ ಚಲೋ, ಹಿರಿಯಾರಿಗೆ ಹೊರಗಿಂದು ಆಗಿ ಬರೂದಿಲ್ಲ" ಅಂತ ನಮ್ಮ ಮನಿಯವ್ರೂ ಮಾವನೂ ಕೂಡಿ ನಿರ್ಣಯ ಮಾಡಿದ್ರು. ಏನಾತು ಅಂದ್ರ ನಾನು ನೆಗೆಣ್ಣಿ ಅತ್ತಿ ಮೂರೂ ಮಂದಿ ಮುಂಜಾನಿ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ಸಂಜೀಕ ಚಹಾ ಚುರಮುರಿ, ರಾತ್ರಿ ಮತ್ತ ಪಲ್ಯಾ, ನಾಕ್ ದಿನ ಸಮುದ್ರದ ಸಪ್ಪಳಾ ಕೇಳಕೋತ ಭಾಂಡೆ ತಿಕ್ಕಿದ್ವಿ. ಗಂಡಸರು ಬೀಚಿಗೆ ಹೋಗಿ ಬಂದು ಹಸಿವಿ ಆಗೈತಿ ಅಂತಿದ್ರು.

ಅದೂ ಎಂಥಾ ಅಡಗಿಮನಿ, ಇಂಡಕ್ಷನ್ ಒಲಿ ಒಂದು, ನಾನ್‌ಸ್ಟಿಕ್ ತವಾ ಒಂದು, ವೈನ್ ಗ್ಲಾಸ್ ಆರು. ಅದರ ಮ್ಯಾಲೆ ಜ್ವಾಳದ ರೊಟ್ಟಿ ಹೆಂಗ ಬೇಯಸ್ತೀರಿ, ಉರಿ ಇಲ್ಲದ ರೊಟ್ಟಿ ಉಬ್ಬತೈತೇನು? ಗ್ಯಾಸ್ ಐತೇನು, ಸಿಲಿಂಡರ್ ತುಂಬಿರ್ತೈತೇನು, ಕುಕ್ಕರ್ ಎಷ್ಟ ಲೀಟರಿಂದು, ಮಿಕ್ಸರ್ ಐತೇನು, ಎಲ್ಲಾಕ್ಕಿಂತ ಮದಲ ಭಾಂಡೆ ತಿಕ್ಕಾಕ ಹೆಣಮಗಳು ಬರ್ತಾಳೇನು, ಅದಕ್ಕ ಬ್ಯಾರೆ ರೊಕ್ಕಾ ಏನು, ಇಷ್ಟು ಕೇಳ್ರಿ.

ನನ್ನ ಮಾತ ಕೇಳಿದ್ರ ಕಡಕ್ ರೊಟ್ಟಿ ಒಂದ ಡಬ್ಬಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಮ್ಯಾಲೆ ಮಸರ ಅಲ್ಲೇ ತಗೊಂಡ್ರಾತು, ಹಿರಿಯಾರ ಊಟ ಮುಗೀತು. ಚಹಾ ಬಿಟ್ಟು ಒಲಿ ಹಚ್ಚಂಗಿಲ್ಲ ಅಂತ ಮನಿ ಬಿಡೂ ಮದಲ ಕರಾರ ಮಾಡ್ಕೊಳ್ರಿ. ಹೊರಗ ಊಟಕ್ಕ ಮಡಗಾಂವ್ ಕಡೆ ಉಡುಪಿ ಹೊಟೇಲ್ ಅದಾವ, ಶಾಕಾಹಾರದ ಚಿಂತಿ ಇಲ್ಲ. ನಿಮ್ಮ ಅವ್ವಾರು ಕಾಕುನವ್ರು ಎಷ್ಟು ವರ್ಷದಿಂದ ಒಂದ ದಿನ ಅಡಗಿ ಬಿಟ್ಟಾರ ಕೇಳಿ ನೋಡ್ರಿ ಒಮ್ಮೆ.

ಆಂ, ಪೂಲ್ ನೋಡಿ ಹಿಗ್ಗಬ್ಯಾಡ್ರಿ. ಸೀರಿ, ಚೂಡಿದಾರ, ಕಾಟನ್ ಬನಿಯನ್ ಹಾಕ್ಕೊಂಡು ಇಳಿಯಂಗಿಲ್ಲ ಅಂತ ಬೋರ್ಡ್ ಇರ್ತೈತಿ, ನೈಲಾನ್ ಕಾಸ್ಟ್ಯೂಮ್ ಬೇಕು. ನಮ್ಮ ಅತ್ತಿ ಸೀರಿ ಮೊಣಕಾಲ ತನಕ ಎತ್ತಿ ಅಂಚಿನ ಮ್ಯಾಲೆ ಕುಂತು ಕಾಲ ಇಳಿಬಿಟ್ಟಿದ್ರು, ಅದಕ್ಕೂ ವಾಚ್‌ಮನ್ ಸೀಟಿ ಊದಿದ.

—

ನಿವೃತ್ತ_ಮಾಸ್ತರ್_ಮುಧೋಳ:

ನಿಮ್ಮ ಕಾಕಾ ಹೇಳಿದ್ದು ತಳ್ಳಿ ಹಾಕಬ್ಯಾಡ್ರಿ. ಮುರ್ಡೇಶ್ವರದಾಗ ಗುಡಿ, ಸಮುದ್ರ, ವಸತಿ, ಊಟ ಎಲ್ಲಾ ಕೂಗಳತಿ ದೂರದಾಗ ಅದಾವ. 20 ಅಂತಸ್ತಿನ ರಾಜಗೋಪುರಕ್ಕ ಲಿಫ್ಟ್ ಐತಿ, ನಡೀಲಾರದವ್ರು ಸಹಿತ ಮ್ಯಾಲಿಂದ ಸಮುದ್ರ ನೋಡಬಹುದು, 123 ಅಡಿ ಶಿವನ ಮೂರ್ತಿನೂ ಕಣ್ಣ ಮುಂದ ಕಾಣ್ತೈತಿ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾರಿ, ಅಲ್ಲಿಂದ ಕಡಲ ಗುಂಟ ಕೆಳಗ ಹೋಗೂದು.

ಆದ್ರ ಅಲ್ಲಿ ಸಮುದ್ರಕ್ಕ ಇಳಿಯೂದು ಹುಡುಗಾಟ ಅಲ್ಲ. 2024ರ ಡಿಸೆಂಬರ್‌ದಾಗ ಪ್ರವಾಸಕ್ಕ ಬಂದಿದ್ದ ಶಾಲಿ ಹುಡುಗ್ಯಾರು ನಾಕ್ ಮಂದಿ ಮುಳುಗಿ ತೀರಿಕೊಂಡ್ರು, ಆಮ್ಯಾಲೆ ಬೀಚ್ ಕೆಲವು ದಿನ ಬಂದ್ ಇಟ್ಟಿದ್ರು. ಗೋವಾ ಇರಲಿ ಮುರ್ಡೇಶ್ವರ ಇರಲಿ, ಲೈಫ್‌ಗಾರ್ಡ್ ಇದ್ದ ಕಡೆ, ಕೆಂಪು ಹಳದಿ ಬಾವುಟದ ನಡುವ ಅಷ್ಟ ಇಳೀರಿ, ಬರೇ ಕೆಂಪು ಇತ್ತಂದ್ರ ಇಳೀಬ್ಯಾಡ್ರಿ. ನಮ್ಮ ಕಡೆ ಮಂದಿಗೆ ಹೊಳ್ಯಾಗ ಈಜಿದ ಧೈರ್ಯ ಇರ್ತೈತಿ, ಹೊಳಿ ಒಂದ ಕಡೆ ಎಳೀತೈತಿ, ಸಮುದ್ರ ತಂದು ದಂಡಿಗೂ ಬಿಡ್ತೈತಿ, ತಿರುಗಿ ಕಾಲ ಕೆಳಗಿನ ಉಸುಕ ಸಹಿತ ಒಳಗೂ ಎಳ್ಕೋತೈತಿ. ಒಂಬತ್ತು ವರ್ಷದವನ ಕೈ ಬಿಡಬ್ಯಾಡ್ರಿ.

—

ನವನಗರ_ಬಾಗಲಕೋಟಿ:

ಎಲ್ಲಾರಿಗೂ ಥ್ಯಾಂಕ್ಸ್ ರೀ, ಇಷ್ಟೆಲ್ಲಾ ಬರೀತೀರಿ ಅಂತ ಅನ್ಕೊಂಡಿದ್ದಿಲ್ಲ. ನಿನ್ನೆ ಕೇರ್‌ಟೇಕರ್‌ಗೆ ವಿಡಿಯೋ ಕಾಲ್ ಮಾಡಿದೆ. 3 ಬಿಎಚ್‌ಕೆ ಬಿಲ್ಡಿಂಗಿಗೆ ಲಿಫ್ಟೇ ಇಲ್ರಿ, "ಬರೇ 34 ಮೆಟ್ಟಿಲ ಸರ್, ಭಾಳ ಈಜಿ" ಅಂದ. ಅದು ಕ್ಯಾನ್ಸಲ್. ಎರಡು 2 ಬಿಎಚ್‌ಕೆ ತೋರ್ಸಂದೆ, ತಳಮನ್ಯಾಗ ಎರಡು ಬಚ್ಚಲ, ಕಮೋಡ್ ಬಾಜೂ ಹಿಡಿಕಿ ಇಲ್ಲ ಆದ್ರ ಪ್ಲಾಸ್ಟಿಕ್ ಕುರ್ಚಿ ಇಡ್ತೀನಂದ, ಮಂಚ ಭಾಳ ಎತ್ತರ ಇಲ್ಲ, ಮುಂದ ಸಣ್ಣ ಕಟ್ಟಿ ಐತಿ, ಮುತ್ತ್ಯಾ ಅಲ್ಲಿ ಕೂಡಬಹುದು. ಮುತ್ತ್ಯಾ ಆಯಿ ಅಪ್ಪ ಅವ್ವ ತಂಗಿ ಕೆಳಗ, ಉಳದವ್ರು ಮ್ಯಾಲೆ. ಟಿಟಿ ಗೇಟ್ ಒಳಗ ಬರೂದಿಲ್ಲಂತ, ಬಾಜೂದ ಬಯಲಿನ್ಯಾಗ ಹಚ್ಚಬಹುದಂತ. ಡ್ರೈವರ್‌ಗೆ ಮ್ಯಾಲಿನ ಫ್ಲಾಟಿನ ಹಾಲ್, ಜಮಖಂಡಿ ಅಣ್ಣಾರ ನೀವು ಹೇಳದಿದ್ರ ಖರೇನ ನೆನಪಾಗ್ತಿರಲಿಲ್ಲ.

ಬಾಡಿಗಿ ಮ್ಯಾಲೆ ಕ್ಲೀನಿಂಗ್ ಚಾರ್ಜು, ಡಿಪಾಜಿಟ್ಟು ಬ್ಯಾರೆ ಐತಿ, ಎಲ್ಲಾ ಕೂಡಿಸಿದ್ರ ಹೊಟೇಲಿನ ನಾಕ್ ರೂಮಿಗೆ ಹತ್ರ ಹತ್ರ ಬಂತು. ಅದಕ್ಕ ಇನ್ನೂ ಒಂಚೂರು ಡೌಟ್ ಇತ್ತು. ಆದ್ರ ಮಗಳಿಗೆ ರಾತ್ರಿ ಹಾಲ ಕಾಸಬೇಕು, ಮುತ್ತ್ಯಾಗ ನಸಿಕಿನ್ಯಾಗ ಚಹಾ ಬೇಕು, ಹೊಟೇಲಿನ್ಯಾಗ ಆ ಹೊತ್ತಿನ್ಯಾಗ ಯಾರನ್ನ ಎಬ್ಬಸೂದು ಅಂತ ಫ್ಲಾಟ್ ಹಿಡದ್ವಿ.

ವಿಜಾಪುರದ ಅಕ್ಕಾರ ಮೆಸೇಜ್ ಅವ್ವಗ ಓದಿ ತೋರ್ಸಿದೆ. ಏನೂ ಅನ್ಲಿಲ್ಲ, ಕಾಕುನ್ನ ಕರದು "ಇಲ್ಲೊಂದು ಕೇಳ ಬಾ" ಅಂದ್ಲು. ಈಗ ಇಬ್ರೂ ಕೂಡಿ ಕಡಕ್ ರೊಟ್ಟಿ ಎಷ್ಟ ಬೇಕಂತ ಲೆಕ್ಕಾ ಹಾಕಾಕತ್ತಾರ, ಕುಕ್ಕರ್ ತಗೊಂಡ ಬರಂಗಿಲ್ಲ ಅಂತ ಅಪ್ಪಗ ಹೇಳಿ ಆತು. ಮುರ್ಡೇಶ್ವರ ದೀಪಾವಳಿಗೆ ಅಂತ ಕಾಕಾನ್ನ ಒಪ್ಪಸೀನಿ. ಮುತ್ತ್ಯಾ ಮಾತ್ರ ಹೊಸಾ ತಕರಾರ ತಗದಾನ, ಉಪ್ಪಿನ ನೀರಾಗ ಜಳಕಾ ಮಾಡಿ ಬಂದು ಮತ್ತ ಸಿಹಿ ನೀರಿಲೆ ಜಳಕಾ ಮಾಡಬೇಕಂದ್ರ ದಿನಕ್ಕ ಎರಡು ಜಳಕಾ ಯಾ ಊರ ಪದ್ಧತಿ ಅಂತ.

—

ತಿಳಕವಾಡಿ_ಅಕ್ಕ:

ಮುತ್ತ್ಯಾ ಬರೋಬ್ಬರಿ ಹೇಳ್ಯಾರ. ಗೀಸರ್ ಎಷ್ಟ ಲೀಟರಿಂದು ಅಂತ ಕೇಳಿದಿ ಏನು ತಮ್ಮಾ?

—

ನವನಗರ_ಬಾಗಲಕೋಟಿ:

ಇಲ್ರಿ ಅಕ್ಕಾರ. ಈಗ ಫೋನ್ ಹಚ್ತೀನಿ.