145 ಮಿಲಿಬಾರ್ ಜಗಳ: ನಮ್ಮ ಮನೆ ಗುಂಪಿನಿಂದ

ದೊಡ್ಡಪ್ಪ (ಫಾರ್ವರ್ಡ್): ನಿಮಗಿದು ಗೊತ್ತೇ?? ಕಂಪ್ಯೂಟರ್ ಹುಟ್ಟುವ ಮೊದಲೇ ಬರೀ ಕಾಗದ ಪೆನ್ಸಿಲ್ ಹಿಡಿದು ಹವಾಮಾನವನ್ನು ಕರಾರುವಾಕ್ಕಾಗಿ ಹೇಳಿದ ಗಣಿತಜ್ಞ ಲೂಯಿಸ್ ಫ್ರೈ ರಿಚರ್ಡ್‌ಸನ್! ಅದೂ ಯುದ್ಧಭೂಮಿಯಲ್ಲಿ ಕೂತು!! ಕನಿಷ್ಠ ಹತ್ತು ಜನಕ್ಕೆ ಕಳಿಸಿ.

ದೊಡ್ಡಪ್ಪ: ಪುಟ್ಟ, ಇದನ್ನು ಓದು. ಗಣಿತ ಕಲಿತು ಏನು ಉಪಯೋಗ ಅಂತಿದ್ದೆಯಲ್ಲ.

ನಾನು: ದೊಡ್ಡಪ್ಪ, ಮನುಷ್ಯ ನಿಜ, ಯುದ್ಧಭೂಮಿ ನಿಜ, ಆದರೆ ಆ ‘ಕರಾರುವಾಕ್ಕಾಗಿ’ ಮಾತ್ರ ಸುಳ್ಳು. ಅವರು ಮುಂದಿನ ದಿನದ್ದನ್ನು ಹೇಳಲೇ ಇಲ್ಲ. ಆಗಲೇ ಕಳೆದುಹೋಗಿದ್ದ 1910ರ ಮೇ 20ನ್ನು ತೆಗೆದುಕೊಂಡರು, ಯಾಕೆಂದರೆ ಆ ದಿನದ ಅಳತೆಗಳು ಯೂರೋಪಿನ ತುಂಬ ಚೆನ್ನಾಗಿ ಸಿಕ್ಕಿದ್ದವು. ಮ್ಯೂನಿಕ್ ಹತ್ತಿರದ ಒಂದು ಜಾಗದಲ್ಲಿ 6 ಗಂಟೆಯಲ್ಲಿ ಗಾಳಿಯ ಒತ್ತಡ ಎಷ್ಟು ಬದಲಾಗುತ್ತದೆ ಅಂತ ಲೆಕ್ಕ ಹಾಕಿದರು. ಬಂದ ಉತ್ತರ, 145 ಮಿಲಿಬಾರ್ ಏರುತ್ತದೆ ಅಂತ. ಆ ದಿನ ನಿಜವಾಗಿ ಒತ್ತಡ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು.

ಪುಟ್ಟ: 145 ಅಂದರೆ ಜಾಸ್ತಿನಾ ಅಕ್ಕ

ನಾನು: ಸಮುದ್ರ ಮಟ್ಟದಲ್ಲಿ ಸಾಮಾನ್ಯ ಒತ್ತಡವೇ 1013 ಆಸುಪಾಸು ಕಣೋ. ಎಂಥ ಚಂಡಮಾರುತ ಬಂದು ಹೋದರೂ 6 ಗಂಟೆಯಲ್ಲಿ 145 ಏರಲ್ಲ.

ದೊಡ್ಡಪ್ಪ: ಒಳ್ಳೆಯದು ಹಾಕಿದರೂ ಕೊಂಕು ತೆಗೆಯುವುದು ಈ ಗುಂಪಿನ ಹಳೇ ಕಾಯಿಲೆ. ನೀನೇನು ಅವನಿಗಿಂತ ಬುದ್ಧಿವಂತಳಾ?

ನಾನು: ಅಯ್ಯೋ ಅಲ್ಲ ದೊಡ್ಡಪ್ಪ, ನಾನು ಹೊಗಳೋಕೇ ಬಂದಿದ್ದು. ಆ ತಪ್ಪು ಉತ್ತರವನ್ನು ಅವರು ಮುಚ್ಚಿಡಲಿಲ್ಲ. 1922ರಲ್ಲಿ ಪುಸ್ತಕ ತಂದಾಗ ಅದನ್ನೂ ಇಡೀ ಲೆಕ್ಕದ ಪಟ್ಟಿಗಳ ಸಮೇತ ಅಚ್ಚು ಹಾಕಿಸಿದರು. ನಾವಾಗಿದ್ದರೆ ಎಲ್ಲೋ ಒಂದು ಅಂಕಿ ತಿದ್ದಿ ಉತ್ತರ ಸರಿ ಬರೋ ಹಾಗೆ ಮಾಡ್ತಿದ್ವಿ, ನನ್ನ ಪ್ರಾಕ್ಟಿಕಲ್ ರೆಕಾರ್ಡ್ ತುಂಬಾ ಅದೇ ಇತ್ತು 😬

ಭಾವ: ಪ್ರಾಮಾಣಿಕತೆ ಒಪ್ಪಿದೆ. ಆದರೆ ನಮ್ಮ ಎಂಜಿನಿಯರ್ ಭಾಷೆಯಲ್ಲಿ ಅದು ಫೇಲ್. 145 ತಪ್ಪಿದ ಲೆಕ್ಕವನ್ನು ದೊಡ್ಡ ಸಾಧನೆ ಅನ್ನೋದು ಹೇಗೆ? ಅವರದು ನಿಜವಾಗಿ ಗಟ್ಟಿ ಕೆಲಸ ಅಂದರೆ 1910ರ ಲೇಖನ. ಸೂತ್ರದಿಂದ ಬಿಡಿಸೋಕೆ ಆಗದ ಸಮೀಕರಣವನ್ನು ಚೌಕುಳಿ ಹಾಕಿ, ಕೂಡು ಕಳೆ ಗುಣಿಸು ಮಾಡಿ ಹಂತಹಂತವಾಗಿ ಬಿಡಿಸೋದು ಹೇಗೆ ಅಂತ ತೋರಿಸಿದರು, ಅದನ್ನೇ ಕಲ್ಲಿನ ಅಣೆಕಟ್ಟಿನ ಒಳಗಿನ ಒತ್ತಡ ಲೆಕ್ಕ ಹಾಕೋಕೆ ಬಳಸಿದರು. ಲೆಕ್ಕ ಮಾಡೋಕೆ ಹುಡುಗರನ್ನು ಇಟ್ಟುಕೊಂಡು ಒಂದೊಂದು ಬಿಂದುವಿಗೆ ಇಷ್ಟು ಪೆನ್ನಿ ಅಂತ ಕೂಲಿ ಕೊಡ್ತಿದ್ದರು. ತಪ್ಪಾದದ್ದಕ್ಕೆ ಕಾಸಿಲ್ಲ. ಚುರುಕಿನ ಹುಡುಗ ವಾರಕ್ಕೆ 2000 ಲೆಕ್ಕ ಮುಗಿಸ್ತಿದ್ದನಂತೆ.

ಪುಟ್ಟ: ತಪ್ಪಿಗೆ ಕಾಸಿಲ್ಲ ಅಂದವರೇ 145 ತಪ್ಪಿದರಾ 😂

ನಾನು: ಭಾವ, ಹವಾಮಾನಕ್ಕೆ ಬಳಸಿದ್ದೂ ಅದೇ ವಿಧಾನ, ಫೇಲ್ ಆಗಿದ್ದು ವಿಧಾನ ಅಲ್ಲ. ಒಂದು ಜಾಗಕ್ಕೆ ಬಂದು ಸೇರುವ ಗಾಳಿ, ಅಲ್ಲಿಂದ ಹೊರಹೋಗುವ ಗಾಳಿ, ಎರಡೂ ದೊಡ್ಡ ಸಂಖ್ಯೆ. ಒತ್ತಡ ಬದಲಾಗೋದು ಎರಡನ್ನೂ ಕಳೆದು ಉಳಿಯುವ ಚೂರಿನಿಂದ. ಲಾರಿಯನ್ನು ಡ್ರೈವರ್ ಸಮೇತ ಒಮ್ಮೆ, ಡ್ರೈವರ್ ಇಲ್ಲದೆ ಒಮ್ಮೆ ತೂಗಿ ಡ್ರೈವರ್ ತೂಕ ಹೇಳಿದ ಹಾಗೆ. ಗಾಳಿಯ ಅಳತೆಯಲ್ಲಿ ಸ್ವಲ್ಪ ತಪ್ಪಿದರೂ ಉತ್ತರ ಎಲ್ಲೋ ಹೋಗುತ್ತದೆ. ಅದರಿಂದ, ನಿಜವಾದ ವಾತಾವರಣದಲ್ಲಿ ಅಷ್ಟು ದೊಡ್ಡದಾಗಿ ಇರದ, ವೇಗವಾಗಿ ಓಡುವ ಅಲೆಗಳು ಲೆಕ್ಕದೊಳಗೆ ಹುಟ್ಟಿಕೊಂಡವು. ಅವರು ಆ ಕ್ಷಣದ ಏರಿಕೆಯನ್ನೇ 6 ಗಂಟೆಗೆ ಎಳೆದರು. ಜೋಕಾಲಿ ಮುಂದೆ ಬರುವಾಗಿನ ವೇಗ ನೋಡಿ 6 ಗಂಟೆ ಹೀಗೇ ಹೋಗುತ್ತದೆ ಅಂದುಕೊಂಡರೆ ಜೋಕಾಲಿ ಊರಾಚೆ ಇರಬೇಕಾಗುತ್ತದೆ, ಅಲ್ವಾ?

ನಾನು: ಎಷ್ಟೋ ವರ್ಷದ ಮೇಲೆ ಪೀಟರ್ ಲಿಂಚ್ ಅನ್ನುವ ಐರ್ಲೆಂಡಿನ ವಿಜ್ಞಾನಿ ಅದೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮತ್ತೆ ಮಾಡಿದರು. ಮೊದಲು ಹಾಗ್ಹಾಗೇ ಮಾಡಿದಾಗ ಅದೇ ತಪ್ಪು ಉತ್ತರ ಬಂತು! ಶುರುವಿನ ಅಳತೆಗಳನ್ನು ಸಮ ಮಾಡಿ, ಆ ಅಲೆಗಳನ್ನು ಸೋಸಿ ತೆಗೆದು ಮಾಡಿದಾಗ ಬದಲಾವಣೆ ಒಂದು ಮಿಲಿಬಾರ್‌ಗಿಂತ ಕಡಿಮೆ. ಅಂದರೆ ಕೈಯಲ್ಲಿ ಮಾಡಿದ ಲೆಕ್ಕ ಸರಿಯಾಗೇ ಇತ್ತು.

ಭಾವ: ಸರಿ, ಇದು ಗೊತ್ತಿರಲಿಲ್ಲ. ಅರ್ಧ ಒಪ್ಪಿದೆ.

ದೊಡ್ಡಪ್ಪ: ಹಾಗಾದರೆ ಫಾರ್ವರ್ಡ್ ಸರಿಯೇ.

ನಾನು: ಇಲ್ಲ ದೊಡ್ಡಪ್ಪ 🙏

ದೊಡ್ಡಪ್ಪ: ಯುದ್ಧಭೂಮಿ?

ನಾನು: ಅದು ಅಪ್ಪಟ ನಿಜ. ಅವರು ಕ್ವೇಕರ್ ಪಂಥದವರು, ಆಯುಧ ಹಿಡಿಯಲ್ಲ ಅಂದವರು. 1916ರಲ್ಲಿ ಬ್ರಿಟನ್ನಿನ ಹವಾಮಾನ ಕಚೇರಿ ಕೆಲಸ ಬಿಟ್ಟು ಫ್ರಾನ್ಸಿಗೆ ಹೋಗಿ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ಓಡಿಸಿದರು. ಬಿಡುವು ಸಿಕ್ಕಾಗ ಈ ಲೆಕ್ಕ. ಚಳಿಯ ಬಿಡಾರದಲ್ಲಿ ಹುಲ್ಲಿನ ರಾಶಿಯೇ ಆಫೀಸು ಅಂತ ಅವರೇ ಬರೆದುಕೊಂಡಿದ್ದಾರೆ. 1917ರಲ್ಲಿ ಶಾಂಪೇನ್ ಕದನದ ಗದ್ದಲದಲ್ಲಿ ಹಸ್ತಪ್ರತಿಯೇ ಕಳೆದುಹೋಯಿತು. ತಿಂಗಳುಗಟ್ಟಲೆ ಆದ ಮೇಲೆ ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿ ಕೆಳಗೆ ಸಿಕ್ಕಿತು.

ದೊಡ್ಡಪ್ಪ: ಇದನ್ನು ಬರೆಯದೆ ಫಾರ್ವರ್ಡ್ ಮಾಡಿದವನಿಗೆ ಏನು ಹೇಳಬೇಕು.

ಚಿಕ್ಕಮ್ಮ: ಕೆಲಸ ಮುಗಿಸಿ ಈಗ ಫೋನ್ ನೋಡಿದೆ, 41 ಮೆಸೇಜ್. ಎಲ್ಲ ಓದಿದೆ. ಆತ ಆಮೇಲೆ ತನ್ನ ಸಂಶೋಧನೆಯನ್ನೇ ನಾಶ ಮಾಡಿದ ವಿಷಯ ಯಾಕೆ ಯಾರೂ ಎತ್ತಲಿಲ್ಲ? ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ಯುದ್ಧದ ಮೇಲೆ ಹವಾಮಾನ ಕಚೇರಿಗೆ ವಾಪಸ್ ಸೇರಿದ್ದರು, 1920ರಲ್ಲಿ ಅದು ವಾಯುಪಡೆಯ ಸಚಿವಾಲಯದ ಕೈಗೆ ಹೋಯಿತು ಅಂತ ಮತ್ತೆ ರಾಜೀನಾಮೆ ಕೊಟ್ಟರು. ಆಮೇಲೆ ಮೇಲಿನ ಗಾಳಿಯ ಬಗ್ಗೆ ಅವರ ಕೆಲಸದಲ್ಲಿ ಎಲ್ಲರಿಗಿಂತ ಆಸಕ್ತಿ ಇರುವುದು ವಿಷಾನಿಲದವರಿಗೆ ಅಂತ ತಿಳಿಯಿತು. ಅಚ್ಚಾಗದೆ ಉಳಿದದ್ದನ್ನೆಲ್ಲ ನಾಶ ಮಾಡಿದರು ಅಂತ ಅವರ ಹೆಂಡತಿ ಡೊರೋತಿ ಹೇಳಿದ್ದಾರೆ.

ಭಾವ: ಚಿಕ್ಕಮ್ಮ, ಇಲ್ಲಿ ಮಾತ್ರ ನಾನು ಒಪ್ಪಲ್ಲ. ಹೊಗೆ ಗಾಳಿಯಲ್ಲಿ ಹೇಗೆ ಹರಡುತ್ತದೆ ಅನ್ನುವ ಗಣಿತ ವಿಷಾನಿಲಕ್ಕೂ ಒಂದೇ, ಕಾರ್ಖಾನೆ ಚಿಮಣಿಗೂ ಒಂದೇ. ಅವರು ಹರಿದು ಹಾಕಿದರೆ ಇನ್ನೊಬ್ಬ ಕಂಡುಹಿಡಿಯುತ್ತಾನೆ. ನಷ್ಟ ಆಗೋದು ಒಳ್ಳೆಯದಕ್ಕೆ ಬಳಸೋರಿಗೆ ಮಾತ್ರ.

ಚಿಕ್ಕಮ್ಮ: ಇನ್ನೊಬ್ಬ ಕಂಡುಹಿಡಿಯಲಿ ಬಿಡಿ ಅಳಿಯಂದಿರೇ, ನಾನೇ ಕೈಯಾರೆ ಕೊಡಬೇಕು ಅಂತ ಎಲ್ಲಿದೆ? ಗಾಯಾಳುಗಳನ್ನು ಕೈಯಲ್ಲಿ ಎತ್ತಿ ಹಾಕಿದ ಮನುಷ್ಯ ಅವರು. ನೀವು ಎಸಿ ರೂಮಲ್ಲಿ ಕೂತು ಗಣಿತ ಎರಡಕ್ಕೂ ಒಂದೇ ಅನ್ನುತ್ತೀರಿ.

ಭಾವ: ಎಸಿ ಕೆಟ್ಟು ವಾರ ಆಯಿತು ಚಿಕ್ಕಮ್ಮ.

ಚಿಕ್ಕಮ್ಮ: ಮಾತು ತಿರುಗಿಸಬೇಡಿ.

ನಾನು: ನಾನು ಚಿಕ್ಕಮ್ಮನ ಕಡೆ, ಆದರೆ ಪೂರ್ತಿ ಅಲ್ಲ. ಆ ಕಾಗದಗಳಲ್ಲಿ ಏನಿತ್ತೋ ಅಂತ ಹೊಟ್ಟೆ ಉರಿಯುತ್ತದೆ. ಆದರೆ ಅವರು ಸುಮ್ಮನೆ ಕೈ ತೊಳೆದುಕೊಳ್ಳಲಿಲ್ಲ, ಅದೇ ಗಣಿತವನ್ನು ಯುದ್ಧದ ಮೇಲೇ ತಿರುಗಿಸಿದರು. ಒಂದೊಂದು ಯುದ್ಧದಲ್ಲಿ ಸತ್ತವರನ್ನು ಹತ್ತರ ಘಾತದಲ್ಲಿ ಅಳೆದರು, ಒಂದು ಕೊಲೆ ಅಂದರೆ 0, ಸಾವಿರ ಸಾವು ಅಂದರೆ 3, ಹತ್ತು ಲಕ್ಷ ಅಂದರೆ 6. 1940ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿಯ ಕಾಲೇಜಿನ ಪ್ರಾಂಶುಪಾಲ ಹುದ್ದೆ ಬಿಟ್ಟಿದ್ದೂ ಇದಕ್ಕೇ. ಎರಡು ದೇಶದ ಗಡಿ ಉದ್ದವಾದಷ್ಟೂ ಜಗಳ ಜಾಸ್ತಿಯಾ ಅಂತ ನೋಡೋಕೆ ಹೋದರೆ, ಸ್ಪೇನ್ ಪೋರ್ಚುಗಲ್ ನಡುವಿನ ಒಂದೇ ಗಡಿಗೆ ಒಂದು ಕಡೆ 987 ಕಿ.ಮೀ., ಇನ್ನೊಂದು ಕಡೆ 1214 ಕಿ.ಮೀ. ಅಂತ ಇತ್ತು.

ಪುಟ್ಟ: ಯಾರದು ತಪ್ಪು?

ನಾನು: ಯಾರದೂ ಅಲ್ಲ! ಅಳೆಯೋ ಕೋಲು ಚಿಕ್ಕದಾದಷ್ಟೂ ಅಂಕುಡೊಂಕು ಜಾಸ್ತಿ ಸಿಗುತ್ತದೆ, ಉದ್ದ ಬೆಳೆಯುತ್ತದೆ. 1953ರಲ್ಲಿ ಅವರು ಹೋದ ಮೇಲೆ ಇದು ಅಚ್ಚಾಯಿತು. ಇದನ್ನು ಹಿಡಿದೇ ಮ್ಯಾಂಡಲ್‌ಬ್ರಾಟ್ ಅನ್ನುವ ಗಣಿತಜ್ಞ 1967ರಲ್ಲಿ ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಅಂತ ಕೇಳಿದ್ದು.

ಪುಟ್ಟ: ಅವರಿಗೆ ತಮ್ಮ ಹವಾಮಾನದ ಲೆಕ್ಕ ಸರಿ ಅಂತ ಕೊನೆಗೂ ಗೊತ್ತಾಯಿತಾ?

ನಾನು: ತಮ್ಮ ದಾರಿ ಸರಿ ಅಂತ ಗೊತ್ತಾಯಿತು. 1950ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರಿನಲ್ಲಿ ಚಾರ್ನಿ ಅನ್ನುವ ಹವಾಮಾನ ವಿಜ್ಞಾನಿ ಮತ್ತು ಜೊತೆಯವರು ಮುನ್ಸೂಚನೆ ಲೆಕ್ಕ ಹಾಕಿ ಇವರಿಗೆ ಕಳಿಸಿದರು. 24 ಗಂಟೆಯ ಮುನ್ಸೂಚನೆಗೆ ಹತ್ತಿರ ಹತ್ತಿರ 24 ಗಂಟೆಯೇ ಹಿಡಿದಿತ್ತು 😀 ಇವರು ಖುಷಿಯಿಂದ ಅಭಿನಂದಿಸಿ ಕಾಗದ ಬರೆದರು.

ಭಾವ: ನಾಶ ಮಾಡಿದ್ದರ ಬಗ್ಗೆ ನನ್ನ ಮಾತು ಹಾಗೇ ಇದೆ.

ಚಿಕ್ಕಮ್ಮ: ನನ್ನದೂ ಹಾಗೇ ಇದೆ.

ದೊಡ್ಡಪ್ಪ: 🚫 ಈ ಮೆಸೇಜನ್ನು ಅಳಿಸಲಾಗಿದೆ

ಪುಟ್ಟ: ದೊಡ್ಡಪ್ಪ ಫಾರ್ವರ್ಡ್ ಡಿಲೀಟ್ ಮಾಡಿಬಿಟ್ರಾ!!

ದೊಡ್ಡಪ್ಪ: ತಪ್ಪಿತ್ತಲ್ಲ.

ಚಿಕ್ಕಮ್ಮ: ಅವರು ತಪ್ಪನ್ನು ಅಚ್ಚು ಹಾಕಿಸಿ ಇಟ್ಟರು ಅಂತ ಬೆಳಗಿನಿಂದ ಇವಳು ಹೇಳುತ್ತಿರುವುದೇನು, ನೀವು ಮಾಡಿದ್ದೇನು?

ದೊಡ್ಡಪ್ಪ: ಬೆಳಿಗ್ಗೆಯೇ ಇನ್ನೂ ಮೂರು ಗುಂಪಿಗೆ ಹೋಗಿದೆ. ಅಲ್ಲಿ ನನಗೆ ಮಾತ್ರ ಡಿಲೀಟ್ ಅಂತ ತೋರಿಸುತ್ತಿದೆ. ಪುಟ್ಟ, ಒಂದು ಸಲ ಫೋನ್ ಮಾಡು.